ಎದೆ ಮೇಲಿನ ಕಪ್ಪು ಶಿಲುಬೆ

ಇವತ್ತು ಅವೆನ್ಯೂ ರೋಡಿನ ಹಳೇ ಪುಸ್ತಕದ ರಾಶಿಯಲ್ಲೊಂದು ಫೋಟೊ. 1914-18ರ ಯುದ್ಧದ ಬ್ರಿಟಿಷ್ ಸ್ವಯಂಸೇವಕಿ, ಏಪ್ರನ್ನಿನ ಎದೆ ಮೇಲೆ ಕಪ್ಪು ಶಿಲುಬೆ.

ಕಪ್ಪಲ್ಲ ಅದು, ಕೆಂಪೇ.
ಆಗಿನ ಬಹುಪಾಲು ಫಿಲ್ಮಿಗೆ ಕೆಂಪು ಹಿಡಿಯುತ್ತಿರಲಿಲ್ಲ, ಕಪ್ಪಾಗಿ ಬೀಳೋದು. ನೀಲಿ ಬೆಳ್ಳಗಾಗೋದು.

ಎಡವೋದೇ ಇಲ್ಲಿ. ರೆಡ್ ಕ್ರಾಸ್‌ನ ವಿ.ಎ.ಡಿ. (ವಾಲಂಟರಿ ಏಡ್ ಡಿಟ್ಯಾಚ್‌ಮೆಂಟ್, ಅಂದರೆ ಸ್ವಯಂಸೇವಕರ ನೆರವು ದಳ) ನರ್ಸಿಂಗ್ ಹುಡುಗಿಯರ ಉಡುಪು ನೀಲಿ, ಸೇಂಟ್ ಜಾನ್ ಆಂಬ್ಯುಲೆನ್ಸ್ ಅನ್ನೋ ಇನ್ನೊಂದು ಸಂಸ್ಥೆಯವರದ್ದು ಬೂದು. ಫೋಟೊದಲ್ಲಿ ಎರಡೂ ಹೆಚ್ಚುಕಮ್ಮಿ ಒಂದೇ. ಬಣ್ಣ ನಂಬಬೇಡಿ, ಲಾಂಛನ ನೋಡಿ. ಸೇಂಟ್ ಜಾನ್‌ನ ಶಿಲುಬೆಗೆ ಎಂಟು ಮೊನೆ.

ಹಾಂ, ವಿ.ಎ.ಡಿ. ಅಂದ ಮಾತ್ರಕ್ಕೆ ನರ್ಸೇ ಅಲ್ಲ. ಅಡುಗೆ, ಗಾಡಿ ಓಡಿಸೋದು, ಗುಮಾಸ್ತಿಕೆ, ಎಲ್ಲಕ್ಕೂ ಇದ್ದರು.

ಆಮೇಲೆ ಬೆನ್ನು ತಿರುಗಿಸಿ, ಸ್ಟುಡಿಯೋ ಮುದ್ರೆ ಹುಡುಕಬೇಕು.
ಇದರ ಬೆನ್ನಿಗೆ ಯಾರೋ ಪುಣ್ಯಾತ್ಮರು ಗೋಂದು ಬಳಿದಿದ್ದಾರೆ.