ಪ್ರಶಸ್ತಿ ಆಟಕ್ಕೆ, ಹೆಸರು ಯಾರಿಗೆ?

ವಿಡಿಯೋ ಗೇಮ್ ಲೋಕದ ಅತ್ಯಂತ ಅದ್ದೂರಿ ಸಮಾರಂಭವಾದ 'ದಿ ಗೇಮ್ ಅವಾರ್ಡ್ಸ್' ಪ್ರತಿ ವರ್ಷ ಡಿಸೆಂಬರ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ ನಡೆಯುತ್ತದೆ. ಅಲ್ಲಿಯ ಗುರುವಾರ ಸಂಜೆಯೆಂದರೆ ನಮ್ಮ ಹಾಸನದಲ್ಲಿ ಶುಕ್ರವಾರ ಬೆಳಗಿನ ಆರೂವರೆ. ಚಳಿಗೆ ಹೊದಿಕೆಯೊಳಗಿದ್ದುಕೊಂಡೇ ಮೊಬೈಲಿನಲ್ಲಿ ನೋಡಬಹುದಾದ ಸಮಯ. ಪತ್ರಕರ್ತ ಜೆಫ್ ಕೀಲಿ 2014ರಲ್ಲಿ ಆರಂಭಿಸಿದ ಈ ಸಮಾರಂಭದಲ್ಲಿ ಬಹುತೇಕ ವಿಭಾಗಗಳ ವಿಜೇತರನ್ನು ನಿರ್ಧರಿಸುವಾಗ ನೂರಕ್ಕೂ ಹೆಚ್ಚು ಮಾಧ್ಯಮ ಸಂಸ್ಥೆಗಳ ತೀರ್ಪಿಗೆ ಶೇ. 90ರಷ್ಟು, ಸಾರ್ವಜನಿಕರ ಮತಕ್ಕೆ ಶೇ. 10ರಷ್ಟು ತೂಕವಿರುತ್ತದೆ. ಯಾವ ಆಟಕ್ಕೆ ಪ್ರಶಸ್ತಿ ಬರಬೇಕಿತ್ತು, ಯಾವುದಕ್ಕೆ ಅನ್ಯಾಯವಾಯಿತು ಎಂಬ ಜಗಳ ಪ್ರತಿ ವರ್ಷವೂ ಇದ್ದದ್ದೇ ಆದ್ದರಿಂದ ಅದನ್ನು ಇಲ್ಲಿ ಎತ್ತುವುದಿಲ್ಲ. ಆಟವನ್ನು ಕಟ್ಟಿದವರನ್ನು ಈ ಉದ್ಯಮ ಹೇಗೆ ನಡೆಸಿಕೊಳ್ಳುತ್ತದೆ ಎಂಬುದು ನನ್ನ ವಿಷಯ.

2023ರ ಸಮಾರಂಭವನ್ನು ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಗೆದ್ದವರು ವೇದಿಕೆಗೆ ಬಂದು ಎರಡು ಮಾತು ಆಡುವಷ್ಟರಲ್ಲಿ 'ದಯವಿಟ್ಟು ಮುಗಿಸಿ' ಎಂಬ ಸೂಚನೆ ಎದುರಿನ ಪರದೆಯ ಮೇಲೆ ಮೂಡುತ್ತಿತ್ತು, ಹಿಂದಿನಿಂದ ಸಂಗೀತ ಏರುತ್ತಿತ್ತು. ಆ ವರ್ಷದ ಶ್ರೇಷ್ಠ ಆಟವಾಗಿ 'ಬಾಲ್ಡರ್ಸ್ ಗೇಟ್ 3' ಆಯ್ಕೆಯಾದಾಗ ಅದನ್ನು ನಿರ್ಮಿಸಿದ ಬೆಲ್ಜಿಯಂನ ಲೇರಿಯನ್ ಸ್ಟುಡಿಯೋಸ್‌ನ ಮುಖ್ಯಸ್ಥ ಸ್ವೆನ್ ವಿಂಕೆ ಉಕ್ಕಿನ ಕವಚ ತೊಟ್ಟು ವೇದಿಕೆಗೆ ಬಂದಿದ್ದರು. ಕೆಲವೇ ವಾರಗಳ ಹಿಂದೆ ತೀರಿಕೊಂಡಿದ್ದ ತಮ್ಮ ತಂಡದ ಕಲಾವಿದರೊಬ್ಬರನ್ನು ಅವರು ನೆನೆದ ಆ ಭಾಷಣಕ್ಕೂ ಈ ಅವಸರದ ಸೂಚನೆ ತಪ್ಪಲಿಲ್ಲ. ಅದೇ ರಾತ್ರಿ ಮುಂಬರುವ ಆಟಗಳ ಜಾಹೀರಾತು ತುಣುಕುಗಳಿಗೂ ಪ್ರಸಿದ್ಧ ಅತಿಥಿಗಳ ಸಂಭಾಷಣೆಗೂ ನಿಮಿಷಗಟ್ಟಲೆ ಸಮಯ ಸಿಕ್ಕಿತು. ಎಷ್ಟೋ ವಿಭಾಗಗಳ ಫಲಿತಾಂಶವನ್ನಂತೂ ವಿಜೇತರನ್ನು ವೇದಿಕೆಗೆ ಕರೆಯದೆಯೇ, ಹರಾಜು ಕೂಗಿದ ಹಾಗೆ ಒಂದೇ ಉಸಿರಿನಲ್ಲಿ ಓದಿ ಮುಗಿಸಲಾಯಿತು.

ಇದಕ್ಕೆ ಕಾರಣಗಳಿಲ್ಲದೆ ಇಲ್ಲ. ಇದು ದೊಡ್ಡ ಖರ್ಚಿನ ಕಾರ್ಯಕ್ರಮ; ಹೊಸ ಆಟಗಳ ತುಣುಕು ತೋರಿಸಲು ಕಂಪನಿಗಳು ಕೊಡುವ ಹಣ ಅದರ ಆಧಾರಗಳಲ್ಲೊಂದು, ಮತ್ತು ನೋಡುಗರಲ್ಲಿ ದೊಡ್ಡ ಪಾಲು ಬರುವುದೂ ಆ ತುಣುಕುಗಳಿಗಾಗಿಯೇ. 2022ರಲ್ಲಿ ನಟ ಕ್ರಿಸ್ಟೋಫರ್ ಜಡ್ಜ್ 'ಗಾಡ್ ಆಫ್ ವಾರ್ ರಾಗ್ನರಾಕ್' ಆಟದ ಅಭಿನಯಕ್ಕೆ ಪ್ರಶಸ್ತಿ ಪಡೆದು ಸುಮಾರು ಎಂಟು ನಿಮಿಷ ಮಾತನಾಡಿದ್ದರಿಂದ ಮುಂದಿನ ವರ್ಷ ಕಡಿವಾಣ ಬಿಗಿಯಾಯಿತೆಂದು ಊಹಿಸುವವರಿದ್ದಾರೆ. ಸಂಗೀತವನ್ನು ತೀರಾ ಬೇಗ ನುಡಿಸಲಾಯಿತೆಂದು ಕೀಲಿಯವರೂ ಒಪ್ಪಿಕೊಂಡರು, 2024ರಲ್ಲಿ ಗೆದ್ದವರಿಗೆ ಒಂದಿಷ್ಟು ಉಸಿರಾಡಲು ಅವಕಾಶವೂ ಸಿಕ್ಕಿತು. ಆ ವರ್ಷ, ಕೆಲಸ ಕಳೆದುಕೊಂಡ ಗೇಮ್ ಉದ್ಯೋಗಿಗಳಿಗೆ ಹೊಸ ಕೆಲಸ ಹುಡುಕಿಕೊಡಲು ಶ್ರಮಿಸಿದ ಅಮೀರ್ ಸತ್ವತ್ ಅವರನ್ನು ವೇದಿಕೆಯ ಮೇಲೆ ಗೌರವಿಸಿದ್ದು ನನಗೆ ಇಡೀ ಕಾರ್ಯಕ್ರಮದಲ್ಲೇ ಹೆಚ್ಚು ಅರ್ಥಪೂರ್ಣವೆನಿಸಿತು. ಏಕೆಂದರೆ 2024ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಕಂಪನಿಯೊಂದೇ ತನ್ನ ಗೇಮ್ ವಿಭಾಗದಿಂದ 1900 ಜನರನ್ನು ತೆಗೆದುಹಾಕಿತ್ತು. ಹಿಂದಿನ ವರ್ಷದಿಂದಲೂ ಒಂದಾದ ಮೇಲೊಂದು ಸ್ಟುಡಿಯೋದಲ್ಲಿ ಇದೇ ಕಥೆ ನಡೆಯುತ್ತಿತ್ತು.

ಆದರೆ ಭಾಷಣದ ಅವಧಿಯನ್ನು ಅರ್ಧ ನಿಮಿಷದಿಂದ ಮೂರು ನಿಮಿಷಕ್ಕೆ ಏರಿಸಿದರೂ ಮಾತನಾಡುವುದು ಒಬ್ಬರೋ ಇಬ್ಬರೋ. ಇಂದಿನ ದೊಡ್ಡ ಆಟವೊಂದಕ್ಕೆ ಸಾವಿರಾರು ಜನ ದುಡಿದಿರುತ್ತಾರೆ. ಅವರೆಲ್ಲರಿಗೂ ಸಲ್ಲಬಹುದಾದ ಮನ್ನಣೆಯೆಂದರೆ ಆಟ ಮುಗಿದ ಮೇಲೆ ಪರದೆಯ ಮೇಲೆ ಸಾಗುವ ಹೆಸರುಗಳ ಪಟ್ಟಿ ಒಂದೇ, ಮತ್ತು ನಿಜವಾದ ಅನ್ಯಾಯ ನಡೆಯುವುದೂ ಅಲ್ಲಿಯೇ.

ಇದು ಈ ಉದ್ಯಮಕ್ಕೆ ಹುಟ್ಟಿನಿಂದಲೇ ಅಂಟಿದ ಚಾಳಿ. 1970ರ ದಶಕದ ಕೊನೆಯಲ್ಲಿ ಅಟಾರಿ ಕಂಪನಿ ತನ್ನ ಆಟಗಳನ್ನು ಬರೆದವರ ಹೆಸರನ್ನು ಎಲ್ಲಿಯೂ ಹಾಕುತ್ತಿರಲಿಲ್ಲ. ವಾರೆನ್ ರಾಬಿನೆಟ್ ಎಂಬಾತ 'ಅಡ್ವೆಂಚರ್' ಎಂಬ ಆಟವನ್ನು ಬರೆಯುವಾಗ, ಯಾರಿಗೂ ಹೇಳದೆ ಅದರೊಳಗೆ ಒಂದು ಗುಪ್ತ ಕೋಣೆಯನ್ನು ಕಟ್ಟಿ, ಇದನ್ನು ರಚಿಸಿದವನು ತಾನೆಂದು ಅಲ್ಲಿ ಬರೆದಿಟ್ಟು, ಕಂಪನಿಯನ್ನು ಬಿಟ್ಟು ಹೋದರು. ಆಟಗಾರ ಹುಡುಗನೊಬ್ಬ ಆ ಕೋಣೆಯನ್ನು ಪತ್ತೆಹಚ್ಚಿ ಕಾಗದ ಬರೆದ ಮೇಲೆಯೇ ಅಟಾರಿಗೆ ಅದು ತಿಳಿದದ್ದು. ಹೆಸರೂ ಇಲ್ಲ, ಮಾರಾಟದಲ್ಲಿ ಪಾಲೂ ಇಲ್ಲ ಎಂದು ಬೇಸತ್ತ ನಾಲ್ವರು ಪ್ರೋಗ್ರಾಮರ್‌ಗಳು ಅದೇ ಕಂಪನಿಯಿಂದ ಹೊರಬಂದು 1979ರಲ್ಲಿ ಕಟ್ಟಿದ್ದು ಆಕ್ಟಿವಿಷನ್. ಆಟ ಬರೆದವರ ಹೆಸರನ್ನು, ಕೈಪಿಡಿಯಲ್ಲಿ ಅವರ ಭಾವಚಿತ್ರವನ್ನು ಕೂಡ, ಆ ಕಂಪನಿ ಅಚ್ಚು ಹಾಕಿಸಿತು. (ಆಕ್ಟಿವಿಷನ್ ಮುಂದೆ ಏನಾಯಿತು ಎಂಬುದು ಬೇರೆಯದೇ ಕಥೆ.)

ಈಗ ಹೆಸರುಗಳ ಪಟ್ಟಿ ಎಲ್ಲ ಆಟಗಳಲ್ಲೂ ಇದೆ, ಆದರೆ ಅದರೊಳಗೆ ಯಾರು ಬರಬೇಕು ಎಂಬುದನ್ನು ಆಯಾ ಕಂಪನಿಯೇ ತೀರ್ಮಾನಿಸುತ್ತದೆ. 2021ರಲ್ಲಿ 'ಮೆಟ್ರಾಯ್ಡ್ ಡ್ರೆಡ್' ಬಿಡುಗಡೆಯಾದಾಗ, ತಾವೂ ಆ ಆಟಕ್ಕೆ ದುಡಿದಿದ್ದರೂ ಪಟ್ಟಿಯಲ್ಲಿ ತಮ್ಮ ಹೆಸರಿಲ್ಲವೆಂದು ಕೆಲವರು ಹೇಳಿದರು. ಒಟ್ಟು ನಿರ್ಮಾಣಾವಧಿಯ ಕನಿಷ್ಠ ಶೇ. 25ರಷ್ಟು ಕಾಲ ಕೆಲಸ ಮಾಡಿದವರನ್ನಷ್ಟೇ ಹೆಸರಿಸುವುದು ತನ್ನ ನಿಯಮವೆಂದು ಅದನ್ನು ನಿರ್ಮಿಸಿದ ಸ್ಪೇನಿನ ಮರ್ಕ್ಯುರಿಸ್ಟೀಮ್ ಸ್ಟುಡಿಯೋ ಉತ್ತರಿಸಿತು. ನಾಲ್ಕು ವರ್ಷದ ಆಟಕ್ಕೆ ಹನ್ನೊಂದು ತಿಂಗಳು ದುಡಿದವನು ಈ ಲೆಕ್ಕದಲ್ಲಿ ಏನನ್ನೂ ಮಾಡಿರುವುದಿಲ್ಲ. ಕೆಲಸ ಮುಗಿಯುವ ಮೊದಲೇ ಬಿಟ್ಟುಹೋದವರನ್ನು ಕೈಬಿಡುವ ಸ್ಟುಡಿಯೋಗಳಿವೆ, ಭಾಷಾಂತರಕಾರರ ಹೆಸರಿನ ಬದಲು ಅವರನ್ನು ನೇಮಿಸಿದ ಏಜೆನ್ಸಿಯ ಹೆಸರನ್ನಷ್ಟೇ ಹಾಕುವ ರೂಢಿಯಿದೆ, ಮತ್ತು ಹೊರಗುತ್ತಿಗೆಯ ಸ್ಟುಡಿಯೋಗಳ ವಿಷಯದಲ್ಲಿ ಲೋಗೋ ಒಂದೇ ಉಳಿಯುವುದೂ ಉಂಟು.

ಈ ಕೊನೆಯದು ನಮ್ಮವರಿಗೆ ನೇರವಾಗಿ ತಟ್ಟುವ ಸಂಗತಿ. 1997ರಲ್ಲಿ ಬೆಂಗಳೂರಿನಲ್ಲಿ ಧ್ರುವ ಇಂಟರಾಕ್ಟಿವ್ ಆರಂಭವಾದಾಗಿನಿಂದ ಇಂದಿನವರೆಗೆ, ವಿದೇಶದ ದೊಡ್ಡ ಆಟಗಳಿಗೆ ಬೇಕಾದ ಕಾರು, ಕಟ್ಟಡ, ಗಿಡಮರ, ಆಯುಧ, ಉಡುಪುಗಳ ಮಾದರಿಗಳನ್ನು ತಯಾರಿಸಿಕೊಡುವ ಕೆಲಸದಲ್ಲಿ ಕರ್ನಾಟಕದ ಹುಡುಗ ಹುಡುಗಿಯರು ತೊಡಗಿದ್ದಾರೆ. ನನ್ನ ಚಿಕ್ಕಮ್ಮನ ಮಗನೂ ಬೆಂಗಳೂರಿನ ಇಂಥದ್ದೊಂದು ಸ್ಟುಡಿಯೋದಲ್ಲಿ ಇದೇ ಕೆಲಸ ಮಾಡುತ್ತಾನೆ. ಯಾವ ಆಟಕ್ಕೆ ಎಂದು ಹೇಳುವಂತಿಲ್ಲ, ಗೋಪ್ಯತೆಯ ಒಪ್ಪಂದವಿದೆ. ಒಂದು ಆಟ ಬಿಡುಗಡೆಯಾಗಿ ತಿಂಗಳುಗಳು ಕಳೆದ ಮೇಲೆ ಅವನು ದೀಪಾವಳಿಗೆ ಬಂದಿದ್ದಾಗ ಅದರ ಪಟ್ಟಿಯನ್ನು ಯೂಟ್ಯೂಬಿನಲ್ಲಿ ಹಾಕಿ ತೋರಿಸಿದ. ಅವನ ಸ್ಟುಡಿಯೋದ ಹೆಸರು ಒಂದು ಸಾಲಿನಲ್ಲಿ ಬಂದು ಹೋಯಿತು.

"ಸಿನಿಮಾದಲ್ಲಿ ಲೈಟ್ ಹಿಡಿದವನ ಹೆಸರೂ ಬರುತ್ತಲ್ಲೋ, ನಿಂದ್ಯಾಕೆ ಬರಲಿಲ್ಲ?" ಎಂದು ಚಿಕ್ಕಮ್ಮ ಕೇಳಿದರು.

"ಕಂಪನಿ ಹೆಸರು ಬಂತಲ್ಲಮ್ಮ, ಬಿಡು" ಎಂದ.

ಅವನು ಬಿಟ್ಟರೂ ನನಗೆ ಬಿಡಲಾಗಲಿಲ್ಲ, ಏಕೆಂದರೆ ನಾವಿಬ್ಬರೂ ಬೆಳೆದದ್ದು ಬೇಲೂರಿನ ಪಕ್ಕದಲ್ಲಿ. 1117ರಲ್ಲಿ ಪ್ರತಿಷ್ಠಾಪನೆಯಾದ ಚೆನ್ನಕೇಶವ ದೇವಾಲಯದಲ್ಲಿ ವಿಷ್ಣುವರ್ಧನನ ಹೆಸರು ಎಷ್ಟು ಖಚಿತವಾಗಿ ಉಳಿದಿದೆಯೋ ಬಳ್ಳಿಗಾವೆಯ ದಾಸೋಜನ ಮತ್ತು ಅವನ ಮಗ ಚಾವಣನ ಹೆಸರುಗಳೂ ಅಷ್ಟೇ ಖಚಿತವಾಗಿ ಉಳಿದಿವೆ; ತಾವು ಕಡೆದ ಮದನಿಕೆಯರ ಪೀಠದಲ್ಲೇ ಅವರು ತಮ್ಮ ಹೆಸರು, ಊರು, ಬಿರುದುಗಳನ್ನು ಕೆತ್ತಿದ್ದಾರೆ. ಮಲ್ಲಿತಮ್ಮನೆಂಬ ಶಿಲ್ಪಿಯ ಸಹಿ ಚಿಕ್ಕಮಗಳೂರು ಜಿಲ್ಲೆಯ ಅಮೃತಾಪುರದ ದೇವಾಲಯದಲ್ಲಿ ಕಾಣಿಸಿಕೊಂಡು, ದಶಕಗಳ ನಂತರ ಸೋಮನಾಥಪುರದಲ್ಲಿ ಮತ್ತೆ ಮತ್ತೆ ಎದುರಾಗುತ್ತದೆ. ಒಬ್ಬ ಕುಶಲಕರ್ಮಿಯ ಇಡೀ ವೃತ್ತಿಜೀವನವನ್ನು ಊರಿಂದೂರಿಗೆ ಹಿಂಬಾಲಿಸಿ ಓದಲು ಸಾಧ್ಯವಾಗಿರುವುದು ಆ ಸಹಿಗಳಿಂದ. ಕಲ್ಲನ್ನು ಗಣಿಯಿಂದ ಕಡಿದವರ, ಬಂಡಿಯಲ್ಲಿ ಹೇರಿ ತಂದವರ ಹೆಸರುಗಳು ಅಲ್ಲಿಯೂ ಇಲ್ಲವೆಂಬುದು ನಿಜ. ಆದರೂ ಉಳಿ ಹಿಡಿದವನು ತನ್ನ ಹೆಸರು ಹಾಕಿಕೊಳ್ಳುವುದಕ್ಕೆ ಗುಪ್ತ ಕೋಣೆಯನ್ನು ಕಟ್ಟಬೇಕಾಗಿರಲಿಲ್ಲ.

ನಮ್ಮ ಸರ್ಕಾರಗಳ ಮನ್ನಣೆಯ ದಾರಿಯೂ ವಿಚಿತ್ರವಾಗಿದೆ. ಆನಿಮೇಷನ್ ಮತ್ತು ಗೇಮಿಂಗ್ ಕ್ಷೇತ್ರಕ್ಕೆಂದೇ ಕರ್ನಾಟಕ 2012ರಷ್ಟು ಹಿಂದೆಯೇ ನೀತಿಯೊಂದನ್ನು ತಂದಿತು, ಅದು ಒಳ್ಳೆಯದೇ. ಆದರೆ 2024ರ ಮಾರ್ಚ್‌ನಲ್ಲಿ ದೆಹಲಿಯಲ್ಲಿ ಕೊಟ್ಟ ರಾಷ್ಟ್ರೀಯ ಕ್ರಿಯೇಟರ್ಸ್ ಪ್ರಶಸ್ತಿಗಳ ಗೇಮಿಂಗ್ ವಿಭಾಗದಲ್ಲಿ ಗೆದ್ದದ್ದು ಯೂಟ್ಯೂಬಿನಲ್ಲಿ ಹೆಸರು ಮಾಡಿದವರು, ಆಟ ಕಟ್ಟಿದವರಲ್ಲ. ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ 'ಎವಿಜಿಸಿ' (ಆನಿಮೇಷನ್, ವಿಷುವಲ್ ಎಫೆಕ್ಟ್ಸ್, ಗೇಮಿಂಗ್, ಕಾಮಿಕ್ಸ್) ಎಂಬ ವಿಭಾಗವಿದ್ದು, ಅದರಲ್ಲಿರುವ 'ಜಿ' ಎಂಬುದು ಗೇಮಿಂಗನ್ನೇ ಸೂಚಿಸಿದರೂ, ಅದು ಸಂದಿರುವುದು 'ಬ್ರಹ್ಮಾಸ್ತ್ರ', 'ಹನುಮಾನ್' ಎಂಬ ಸಿನಿಮಾಗಳಿಗೆ. ಚಲನಚಿತ್ರ ಪ್ರಶಸ್ತಿ ಚಲನಚಿತ್ರಕ್ಕೆ ಹೋಗುವುದರಲ್ಲಿ ತಪ್ಪೇನಿಲ್ಲ. ಆಟದ ಹೆಸರನ್ನು ಶೀರ್ಷಿಕೆಯಲ್ಲಿ ಕೂರಿಸಿ ಹೊರಗೇ ನಿಲ್ಲಿಸಿದ್ದು ಮಾತ್ರ ತಮಾಷೆಯಾಗಿದೆ. ಪುಣೆಯ ನಾಡಿಂಗ್ ಹೆಡ್ಸ್ ತಂಡದ 'ರಾಜಿ' 2020ರಲ್ಲಿ ದಿ ಗೇಮ್ ಅವಾರ್ಡ್ಸ್‌ನ ಚೊಚ್ಚಲ ಆಟಗಳ ವಿಭಾಗಕ್ಕೆ ನಾಮನಿರ್ದೇಶನಗೊಂಡಿತ್ತು. ಕೆನಡಾಕ್ಕೆ ವಲಸೆ ಹೋದ ತಮಿಳು ಕುಟುಂಬವೊಂದರ ಅಡುಗೆಮನೆಯ ಕಥೆಯಾದ 'ವೆಣ್ಬಾ' 2024ರಲ್ಲಿ ಬ್ರಿಟನ್ನಿನ ಬಾಫ್ಟಾ ಸಂಸ್ಥೆಯ ಚೊಚ್ಚಲ ಆಟದ ಪ್ರಶಸ್ತಿಯನ್ನೂ ಇಂಡಿಪೆಂಡೆಂಟ್ ಗೇಮ್ಸ್ ಫೆಸ್ಟಿವಲ್‌ನ ಪರಮೋಚ್ಚ ಬಹುಮಾನವನ್ನೂ ಗೆದ್ದಿತು. ಚಿಕ್ಕ ತಂಡಗಳ ಇಂಥ ಆಟಗಳಲ್ಲಿ ಯಾರು ಏನು ಮಾಡಿದರೆಂಬುದು ನಿಚ್ಚಳವಾಗಿರುತ್ತದೆ. ತಂಡ ಬೆಳೆದಷ್ಟೂ ಮುಖಗಳು ಕಳೆದುಹೋಗುತ್ತವೆ.

ಹಾಗಾಗಿ ಪ್ರಶಸ್ತಿ ಕೊಡುವವರ ಮುಂದೆ ನಾನಿಡಬಯಸುವ ಬೇಡಿಕೆ ಭಾಷಣದ ಸಮಯದ್ದಲ್ಲ. ಸ್ಪರ್ಧೆಗೆ ಬರುವ ಪ್ರತಿಯೊಂದು ಆಟವೂ ಪೂರ್ಣವಾದ ಹೆಸರುಗಳ ಪಟ್ಟಿಯನ್ನು ಹೊಂದಿರಬೇಕು, ನಡುವೆ ಬಿಟ್ಟುಹೋದವರು, ಆಟವನ್ನು ಆಡಿ ದೋಷ ಹುಡುಕುವ ಪರೀಕ್ಷಕರು, ಭಾಷಾಂತರಕಾರರು, ಹೊರಗುತ್ತಿಗೆಯ ಕಲಾವಿದರು ಎಲ್ಲರೂ ಅದರಲ್ಲಿರಬೇಕು, ಇಲ್ಲವಾದರೆ ಆ ಆಟವನ್ನು ಪರಿಗಣಿಸುವುದಿಲ್ಲ ಎಂಬ ಒಂದು ನಿಯಮವನ್ನು ತಂದರೆ ಸಾಕು. ಯಾರನ್ನು ಹೇಗೆ ಹೆಸರಿಸಬೇಕೆಂಬುದಕ್ಕೆ ಅಂತರರಾಷ್ಟ್ರೀಯ ಗೇಮ್ ಡೆವಲಪರ್‌ಗಳ ಸಂಘವಾದ ಐಜಿಡಿಎ ರೂಪಿಸಿದ ಮಾರ್ಗಸೂಚಿ ಈಗಾಗಲೇ ಇದೆ. ಅದನ್ನು ಪಾಲಿಸಲೇಬೇಕೆಂಬ ಒತ್ತಡ ಯಾರ ಮೇಲೂ ಇಲ್ಲ, ಅಷ್ಟೇ. ಪ್ರಶಸ್ತಿಯ ಮೊಹರನ್ನು ಡಬ್ಬಿಯ ಮೇಲೆ ಹಾಕಿಕೊಳ್ಳಲು ಹಾತೊರೆಯುವ ಪ್ರಕಾಶಕರಿಗೆ ಇಂಥದ್ದೊಂದು ನಿಯಮ ತಟ್ಟದೆ ಇರದು.

ಒಪ್ಪಂದದ ಗೋಪ್ಯತೆ ಇದಕ್ಕೆ ಅಡ್ಡ ಬರುತ್ತದೆಂದು ಸ್ಟುಡಿಯೋಗಳು ಹೇಳಬಹುದು. ಬಿಡುಗಡೆಗೆ ಮುಂಚೆ ಆ ಮಾತಿಗೆ ತೂಕವಿದೆ, ಕಥೆಯೋ ಚಿತ್ರವೋ ಸೋರಿದರೆ ನಷ್ಟವಾಗುತ್ತದೆ. ಆಟ ಮಾರುಕಟ್ಟೆಗೆ ಬಂದು, ಅದರ ಪ್ರತಿಯೊಂದು ಬಂಡೆ, ಬಾಗಿಲು, ಗಾಡಿಯ ಗಾಲಿಯನ್ನೂ ಲಕ್ಷಾಂತರ ಜನ ಕಣ್ಣಾರೆ ನೋಡಿಯಾದ ಮೇಲೆ, ಆ ಬಂಡೆಯನ್ನು ಮಾಡಿದವನು ಬೇಲೂರಿನ ಕಡೆಯವನೆಂದು ತಿಳಿದರೆ ಸೋರುವ ಗುಟ್ಟು ಯಾವುದು ಎಂಬುದಕ್ಕೆ ಅವರು ಉತ್ತರ ಕೊಡಬೇಕಾಗುತ್ತದೆ.