ಪ್ರತಿ ಪುಸ್ತಕಕ್ಕೂ ಅದರದೇ ಅಕ್ಷರ

ಕೊಲ್ಕತ್ತದಿಂದ ಪ್ರಕಟವಾಗುತ್ತಿದ್ದ ‘ಏಕ್ಷಣ’ ಎಂಬ ಬಂಗಾಳಿ ಸಾಹಿತ್ಯ ಪತ್ರಿಕೆಯ ಮುಖಪುಟಗಳನ್ನು ಒಂದರ ಪಕ್ಕ ಒಂದಿಟ್ಟು ನೋಡುವುದು ನನಗೆ ಬಹಳ ಪ್ರಿಯವಾದ ಕೆಲಸ. ನಿರ್ಮಾಲ್ಯ ಆಚಾರ್ಯ ಮತ್ತು ನಟ ಸೌಮಿತ್ರ ಚಟರ್ಜಿ ಸಂಪಾದಿಸುತ್ತಿದ್ದ ಆ ಪತ್ರಿಕೆಗೆ ಮುಖಪುಟ ಬರೆದುಕೊಟ್ಟವರು ಸತ್ಯಜಿತ್ ರಾಯ್. ಹೆಸರಿನಲ್ಲಿ ಇರುವುದು ಮೂರೇ ಅಕ್ಷರ. ಅವೇ ಮೂರನ್ನು ಅವರು ಸಂಚಿಕೆಯಿಂದ ಸಂಚಿಕೆಗೆ ಹೊಸದಾಗಿ ಬರೆದರು. ಅನೇಕ ಮುಖಪುಟಗಳಲ್ಲಿ ಅಕ್ಷರಗಳ ಹೊರತು ಬೇರೆ ಚಿತ್ರವೇ ಇಲ್ಲ, ಬೇಕು ಎಂದು ಅನಿಸುವುದೂ ಇಲ್ಲ. ಬಂಗಾಳಿ ಲಿಪಿಯ ಪರಿಚಯ ಅಷ್ಟಾಗಿ ಇಲ್ಲದವರಿಗೂ ನಾಲ್ಕಾರು ಸಂಚಿಕೆ ನೋಡುವಷ್ಟರಲ್ಲಿ ಆ ಮೂರು ಆಕಾರಗಳು ಪರಿಚಿತವಾಗಿಬಿಡುತ್ತವೆ. ವೇಷ ಎಷ್ಟೇ ಬದಲಾದರೂ ಅವುಗಳ ಗುರುತು ತಪ್ಪುವುದಿಲ್ಲ.

ರಾಯ್ ಅವರಿಗೆ ಅಕ್ಷರದ ಮೇಲಿದ್ದ ಈ ಹಿಡಿತ ಮನೆತನದಿಂದಲೂ ಕಲಿಕೆಯಿಂದಲೂ ಬಂದದ್ದು. ತಾತ ಉಪೇಂದ್ರಕಿಶೋರ್ ಮುದ್ರಣತಂತ್ರದಲ್ಲಿ ಪ್ರಯೋಗಗಳನ್ನು ಮಾಡಿ ಸ್ವಂತ ಮುದ್ರಣ ಸಂಸ್ಥೆಯನ್ನು ಕಟ್ಟಿದ್ದರು. ತಂದೆ ಸುಕುಮಾರ್ ರಾಯ್ ಇಂಗ್ಲೆಂಡಿಗೆ ಹೋಗಿ ಮುದ್ರಣವಿದ್ಯೆಯನ್ನು ಓದಿ ಬಂದಿದ್ದರು. ಸತ್ಯಜಿತ್ ಶಾಂತಿನಿಕೇತನದ ಕಲಾಭವನದಲ್ಲಿ ನಂದಲಾಲ್ ಬೋಸ್ ಮತ್ತು ಬಿನೋದ್ ಬಿಹಾರಿ ಮುಖರ್ಜಿಯವರ ಬಳಿ ಕಲಿತು, 1943ರಲ್ಲಿ ಡಿ. ಜೆ. ಕೀಮರ್ ಎಂಬ ಜಾಹೀರಾತು ಸಂಸ್ಥೆಯನ್ನು ಸೇರಿದರು. ಅದರ ಜೊತೆಗೇ ಸಿಗ್ನೆಟ್ ಪ್ರೆಸ್ಸಿನ ಪುಸ್ತಕಗಳಿಗೆ ಮುಖಪುಟಗಳನ್ನು ಬರೆಯತೊಡಗಿದರು. ಚಲನಚಿತ್ರ ನಿರ್ದೇಶಕರಾಗಿ ಹೆಸರು ಮಾಡಿದ ಮೇಲೂ ತಮ್ಮ ಚಿತ್ರಗಳ ಪೋಸ್ಟರುಗಳನ್ನು ತಾವೇ ರೂಪಿಸಿದರು. ‘ರಾಯ್ ರೋಮನ್’ ಎಂಬ ಇಂಗ್ಲಿಷ್ ಅಕ್ಷರವಿನ್ಯಾಸವೂ ಅವರದೇ.

ಸಿಗ್ನೆಟ್ಟಿಗಾಗಿ ಅವರು ಮಾಡಿದ ಮುಖಪುಟಗಳಲ್ಲಿ ಒಂದನ್ನು ವಿವರವಾಗಿ ಹೇಳಲೇಬೇಕು. ಅದು ಕುಮಾವೂನಿನ ನರಭಕ್ಷಕ ಹುಲಿಗಳ ಬಗ್ಗೆ ಜಿಮ್ ಕಾರ್ಬೆಟ್ ಬರೆದ ಪುಸ್ತಕದ ಬಂಗಾಳಿ ಅನುವಾದ. ತೇಜಸ್ವಿಯವರ ಕನ್ನಡದಲ್ಲಿ ರುದ್ರಪ್ರಯಾಗದ ನರಭಕ್ಷಕನ ಕಥೆಯನ್ನು ಓದಿದವರಿಗೆ ಕಾರ್ಬೆಟ್ ಹೊಸಬರಲ್ಲ. ಇಂಥ ಪುಸ್ತಕಕ್ಕೆ ಬಾಯ್ದೆರೆದ ಹುಲಿಯ ಚಿತ್ರವೊಂದನ್ನು ಹಾಕಿಬಿಡುವುದು ಯಾರಿಗೂ ಸುಲಭವಾಗಿತ್ತು. ರಾಯ್ ಮುಂಬದಿ, ಹಿಂಬದಿಗಳೆರಡನ್ನೂ ಹುಲಿಯ ಪಟ್ಟೆಗಳಿಂದ ತುಂಬಿ, ಮುಂಬದಿಯಲ್ಲಿ ಗುಂಡು ಒಳಹೊಕ್ಕ ತೂತನ್ನು ಬರೆದು, ಶೀರ್ಷಿಕೆಯನ್ನು ಅದರೊಳಗೆ ಇಟ್ಟರು. ಪುಸ್ತಕವನ್ನು ತಿರುಗಿಸಿದರೆ ಅದೇ ಗುಂಡು ಹೊರಬಂದ ತೂತು ಕಾಣುತ್ತದೆ, ಮತ್ತು ಅದು ಮುಂಬದಿಯದಕ್ಕಿಂತ ದೊಡ್ಡದು. ಏಕೆಂದರೆ ಗುಂಡು ಹೊರಬೀಳುವಾಗ ಆಗುವ ಗಾಯ ಸಾಮಾನ್ಯವಾಗಿ ಹೆಚ್ಚು ಅಗಲವಾಗಿರುತ್ತದೆ. ಪುಸ್ತಕವನ್ನು ಪರಿಚಯಿಸುವ ಬೆನ್ನುಡಿಯ ಸಾಲುಗಳು ಆ ದೊಡ್ಡ ತೂತಿನಲ್ಲಿವೆ. ಹೆಚ್ಚು ಮಾತು ಹಿಡಿಸಬೇಕಾದ ಕಡೆಯಲ್ಲೇ ಹೆಚ್ಚು ಜಾಗವೂ ಸಿಕ್ಕಿತು. ಅಕ್ಷರ, ಚಿತ್ರ, ಪುಸ್ತಕದ ದಪ್ಪ ಎಲ್ಲವೂ ಸೇರಿ ಒಂದೇ ಆಲೋಚನೆಯಾಗಿರುವ ಇದಕ್ಕಿಂತ ಉತ್ತಮವಾದ ಮುಖಪುಟವನ್ನು ನಾನು ಯಾವ ಭಾಷೆಯಲ್ಲೂ ಕಂಡಿಲ್ಲ.

ಕನ್ನಡದ ಅಕ್ಷರಗಳಿಂದಲೂ ಇಂಥ ಕೆಲಸ ಸಾಧ್ಯ ಎಂಬುದರಲ್ಲಿ ನನಗೆ ಅನುಮಾನವಿಲ್ಲ, ಆದರೆ ದಾರಿ ಬೇರೆ. ಬಂಗಾಳಿಯಲ್ಲಿ ನೆತ್ತಿಯ ಅಡ್ಡಗೆರೆ ಪದವನ್ನು ಒಟ್ಟಿಗೆ ಹಿಡಿದಿಡುತ್ತದೆ. ಕನ್ನಡದಲ್ಲಿ ತಲೆಕಟ್ಟು ಆಯಾ ಅಕ್ಷರಕ್ಕೆ ಸೇರಿದ್ದು, ಅಕ್ಷರಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ. ‘ಏಕ್ಷಣ’ದ ನಡುವಿನ ಸಂಯುಕ್ತಾಕ್ಷರ ಬಂಗಾಳಿಯಲ್ಲಿ ಬೆಸೆದು ಒಂದೇ ಆಕಾರವಾಗುತ್ತದೆ, ನಮ್ಮಲ್ಲಿ ಬಹುಪಾಲು ಒತ್ತಕ್ಷರಗಳು ಸಾಲಿನಿಂದ ಕೆಳಗಿಳಿದು ಕೂರುತ್ತವೆ. ವಿನ್ಯಾಸಕಾರರಲ್ಲಿ ಅನೇಕರು ಇದನ್ನು ತೊಡಕೆಂದೇ ಎಣಿಸುತ್ತಾರೆ. ‘ಸ್ತ್ರೀ’ ಎಂಬ ಒಂದಕ್ಷರಕ್ಕಾಗಿ ಸಾಲುಗಳ ನಡುವೆ ಅಂತರ ಬಿಡಬೇಕು, ಎರಡು ಸಾಲಿನ ಶೀರ್ಷಿಕೆಯಾದರೆ ಮೇಲಿನ ಒತ್ತು ಕೆಳಗಿನ ತಲೆಕಟ್ಟಿಗೆ ತಾಗುತ್ತದೆ ಎಂಬುದು ಅವರ ಅಳಲು. ನನಗಾದರೋ ಕನ್ನಡದ ಸೊಬಗು ಶುರುವಾಗುವುದೇ ಅಲ್ಲಿ. ಸಾಲಿನಿಂದ ಇಳಿಬಿಟ್ಟ ಒತ್ತು, ಬಲಕ್ಕೆ ಸುತ್ತಿ ಬರುವ ಕೊಂಬು, ಮುಂದಿನ ಅಕ್ಷರದವರೆಗೆ ಚಾಚಬಲ್ಲ ದೀರ್ಘ, ನೆತ್ತಿಯ ಮೇಲಿನ ಗುಡಿಸು: ಇವೆಲ್ಲ ಕಲಾವಿದನ ಕೈಗೆ ಸಿಕ್ಕ ಚಲನೆಗಳು. ಪಳಗಿದ ಕೈ ಮೇಲಿನ ಸಾಲಿನ ಒತ್ತನ್ನು ಕೆಳಸಾಲಿನ ಎರಡು ಅಕ್ಷರಗಳ ನಡುವಿನ ಖಾಲಿ ಜಾಗಕ್ಕೆ ಇಳಿಸಿ ಎರಡೂ ಸಾಲುಗಳನ್ನು ಹೆಣೆದುಬಿಡುತ್ತದೆ.

ಆದರೆ ಈ ಸ್ವಾತಂತ್ರ್ಯಕ್ಕೆ ಒಂದು ಗಡಿ ಇದೆ. ದ ಮತ್ತು ಧ, ಪ ಮತ್ತು ಫ ಬೇರೆಯಾಗುವುದು ಬುಡದ ಒಂದು ಸಣ್ಣ ಸೀಳಿನಿಂದ. ಪ ಮತ್ತು ಷ ಬೇರೆಯಾಗುವುದು ಒಳಗಿನ ಒಂದು ಗೆರೆಯಿಂದ. ಸಿನಿಮಾ ಪೋಸ್ಟರಿನಲ್ಲಿ ಅಕ್ಷರಕ್ಕೆ ಲೋಹದ ಹೊಳಪು, ಬಿರುಕು, ಬೆಂಕಿ, ನೆತ್ತರ ಹನಿ ಎಲ್ಲವನ್ನೂ ತುಂಬುವಾಗ ಈ ಸೀಳುಗಳೇ ಮೊದಲು ಮುಚ್ಚಿಹೋಗುತ್ತವೆ, ಧನ ಹೋಗಿ ದನವಾಗುತ್ತದೆ. ಚಲಿಸುವ ಬಸ್ಸಿನ ಕಿಟಕಿಯಿಂದ ನೋಡುವವರಿಗೂ ಹೆಸರು ಓದಲು ಬರಬೇಕು. ಅಕ್ಷರದೊಳಗೆ ಕುಡುಗೋಲನ್ನೋ ಕೊಳಲನ್ನೋ ಸೇರಿಸುವುದನ್ನು ನಾನು ವಿರೋಧಿಸುವುದಿಲ್ಲ. ಅದು ಅಕ್ಷರದ ಗೆರೆಯೇ ಆಗಿ ಬಂದರೆ ನಿಂತು ನೋಡುತ್ತೇನೆ, ಮೇಲೆ ಅಂಟಿಸಿದಂತಿದ್ದರೆ ಮುಂದೆ ಹೋಗುತ್ತೇನೆ.

ಬರಹ ಮತ್ತು ನುಡಿ ತಂತ್ರಾಂಶಗಳು ಬಂದ ಮೇಲೆ ಕನ್ನಡದ ಮುದ್ರಣ ಎಷ್ಟೋ ಸುಲಭವಾಯಿತು, ಆ ಉಪಕಾರ ದೊಡ್ಡದು. ಆದರೆ ಮದುವೆಯ ಕರೆಯೋಲೆಗೂ ಕವನ ಸಂಕಲನಕ್ಕೂ ಅದೇ ಫಾಂಟು ಬಳಕೆಯಾಗಿ, ಕೈಬರಹದ ಶೀರ್ಷಿಕೆ ಹಿಂದೆ ಸರಿದದ್ದೂ ನಿಜ. ಈಚೆಗೆ ಬಾಲೂ ತಮ್ಮ, ಅನೇಕ್ ಕನ್ನಡ ಮುಂತಾದ ಮುಕ್ತ ಫಾಂಟುಗಳಿಂದ ಆಯ್ಕೆ ಹೆಚ್ಚಿದೆ. ಇವುಗಳಲ್ಲಿ ನನಗೆ ವಿಶೇಷವಾಗಿ ಹಿಡಿಸಿದ್ದು ‘ಅಕಾಯ’. ವೈಷ್ಣವಿ ಮೂರ್ತಿ ಮತ್ತು ಹುವಾನ್ ಲೂಯಿಸ್ ಬ್ಲಾಂಕೊ ರೂಪಿಸಿದ ಈ ಫಾಂಟಿಗೆ ಸ್ಫೂರ್ತಿ 1940ರ ದಶಕದ ಕನ್ನಡ ಕಾದಂಬರಿಯೊಂದರ ಮುಖಪುಟದ ಕೈಬರಹ. ಒಂದು ಪುಸ್ತಕಕ್ಕೆಂದು ಬರೆದ ಕೆಲವೇ ಅಕ್ಷರಗಳ ಬಳುಕು, ಕೋನಗಳಿಂದ ಇಡೀ ವರ್ಣಮಾಲೆ ಹೊರಡಬಹುದು ಎಂಬುದನ್ನು ಅದು ತೋರಿಸಿಕೊಟ್ಟಿದೆ.

ಅಪಾರ ಅವರಂತಹ ಮುಖಪುಟ ಕಲಾವಿದರನ್ನು ಇಂದು ಓದುಗರು ಹೆಸರು ಹಿಡಿದು ಗುರುತಿಸುತ್ತಾರೆ ಎಂಬುದು ನನಗೆ ಬಹಳ ಸಂತೋಷದ ಸಂಗತಿ. ಇದು ಸಿನಿಮಾ ಪೋಸ್ಟರುಗಳಿಗೂ ಹಬ್ಬಬೇಕು. ಶೀರ್ಷಿಕೆಯ ಅಕ್ಷರ ಬರೆದವರ ಹೆಸರನ್ನು ಚಿತ್ರದ ಹೆಸರುಪಟ್ಟಿಯಲ್ಲಿ ಹಾಕಬೇಕು. ಪ್ರಕಾಶಕರು ಮರುಮುದ್ರಣದಲ್ಲಿ ಹೊಸ ಮುಖಪುಟ ಮಾಡಿಸುವಾಗ ಹಳೆಯದನ್ನು ಒಳಪುಟದಲ್ಲಾದರೂ ಅಚ್ಚು ಹಾಕಿ, ಅದನ್ನು ಬರೆದವರು ಯಾರೆಂದು ನಮೂದಿಸಬೇಕು.