ಫ್ಲಾರಿನ್‌ನ ಇಸವಿ ಕೊನೆಗೂ ಸಿಕ್ಕಿತು

ಮೂರು ವಾರ ಸತಾಯಿಸಿದ ಫ್ಲಾರಿನ್, ಅಂದರೆ ವಿಕ್ಟೋರಿಯಾ ರಾಣಿ ಕಾಲದ ಇಂಗ್ಲೆಂಡಿನ ಬೆಳ್ಳಿ ನಾಣ್ಯ, ನಿನ್ನೆ ರಾತ್ರಿ ಹನ್ನೊಂದು ಗಂಟೆಗೆ ಬಾಯಿ ಬಿಟ್ಟಿತು. 1864! ಮನೆಯವರೆಲ್ಲ ಮಲಗಿದ್ದರು, ಹೇಳಿಕೊಳ್ಳೋಕೆ ಯಾರೂ ಇರಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ತೂಕ, ಅಳತೆ ಮೊದಲ ದಿನವೇ ಮುಗಿದಿತ್ತು. ಅಗಲ 30 ಮಿಲಿಮೀಟರ್, ತೂಕ 10.8 ಗ್ರಾಂ. ಟಂಕಸಾಲೆಯಿಂದ ಹೊರಟಾಗ 11.3 ಇದ್ದಿರುತ್ತದೆ. ಉಳಿದ ಬೆಳ್ಳಿ ಇಂಗ್ಲೆಂಡಿನ ಜೇಬುಗಳಲ್ಲಿ ಸವೆದು ಹೋಗಿದೆ. ಕಾಟ ಕೊಟ್ಟಿದ್ದು ಇಸವಿ ಮಾತ್ರ. ಗಾತಿಕ್ ಫ್ಲಾರಿನ್‌ನಲ್ಲಿ ಅದು ರೋಮನ್ ಲೆಕ್ಕದಲ್ಲಿರುತ್ತದೆ, ಅದೂ ಮೊನೆಮೊನೆಯ ಗಾತಿಕ್ ಅಕ್ಷರದಲ್ಲಿ, ರಾಣಿಯ ಬಿರುದುಗಳ ಬಾಲಕ್ಕೆ ಅಂಟಿಕೊಂಡು. ನನ್ನದರಲ್ಲಿ ಎಂ-ಡಿ-ಸಿ-ಸಿ-ಸಿ-ಎಲ್-ಎಕ್ಸ್ ತನಕ ಓದಬಹುದು. ಅಂದರೆ 1860. ಆಮೇಲೆ ಬರೀ ನುಣುಪು.

ಮಾರಿದವರು ಸುಮ್ನೆ 1860 ಅಂತ ಬರೆದು ಕಳಿಸಿದ್ದರು. ಫೋಟೋ ತೆಗೆದದ್ದು ನೇರ ಫ್ಲ್ಯಾಶ್ ಹೊಡೆದು. ಮೇಲಾಗಿ ಪಿವಿಸಿ ಕವರ್! ಅಂಚಿನಲ್ಲೆಲ್ಲ ಹಸಿರು ಜಿಡ್ಡು. ನೂರೈವತ್ತು ವರ್ಷ ದಾಟಿದ ಬೆಳ್ಳಿಯನ್ನು ಐದು ರೂಪಾಯಿಯ ಪ್ಲಾಸ್ಟಿಕ್‌ನಲ್ಲಿ ಹಾಕಿಡೋಕೆ ಮನಸ್ಸಾದರೂ ಹೇಗೆ ಬರುತ್ತದೋ. ಅಸಿಟೋನ್‌ನಲ್ಲಿ ಎರಡು ಸಲ ನೆನೆಸಿದ ಮೇಲೆ ಜಿಡ್ಡು ಬಿಟ್ಟಿತು.

ಮೊದಲು ಅಂಚಿನ ಸುತ್ತ ಇರುವ ಸಣ್ಣ ಕಮಾನುಗಳನ್ನು ಎಣಿಸಿದೆ, ಕಾಲಕ್ಕೆ ತಕ್ಕಂತೆ ಅವುಗಳ ಎಣಿಕೆ ಬದಲಾಗಿದೆ. ಫೋಟೋ ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಪೆನ್ನಿನಿಂದ ಒಂದೊಂದಕ್ಕೂ ಚುಕ್ಕೆ ಇಟ್ಟೆ. 48 ಬಂತು. ಎರಡು ಸಂಜೆ ಕೂತದ್ದಕ್ಕೆ 1880ರ ನಂತರದ್ದಲ್ಲ ಅನ್ನೋದಷ್ಟೇ ಖಾತ್ರಿಯಾಯಿತು. ಅದು ಎಲ್-ಎಕ್ಸ್ ಮುಂದೆ ಇನ್ನೆರಡು ಎಕ್ಸ್ ಇಲ್ಲದಿರುವುದರಿಂದಲೇ ಗೊತ್ತಿತ್ತು.

ಆಮೇಲೆ ಇಸವಿಯ ಮೇಲಿಂದ ಕಣ್ಣು ತೆಗೆದು ಬಿರುದುಗಳನ್ನು ಓದಿದೆ. 'ಬ್ರಿಟ್' (ಬ್ರಿಟನ್ನುಗಳ ಅನ್ನೋದರ ಮೊಟಕು ರೂಪ) ಅನ್ನೋ ಪದದಲ್ಲಿ ಒಂದೇ ಟಿ ಇದೆ. 1868ರಿಂದ ಅಲ್ಲಿ ಎರಡು ಟಿ ಬರುತ್ತವೆ. ಲ್ಯಾಟಿನ್ನಿನಲ್ಲಿ ಪದ ಮೊಟಕು ಮಾಡುವಾಗ ಬಹುವಚನಕ್ಕೆ ಕೊನೆಯ ಅಕ್ಷರ ಎರಡು ಸಲ ಹಾಕುವ ರೂಢಿ ಅದು. ಹಾಗಾಗಿ ನನ್ನದು 1868ಕ್ಕಿಂತ ಹಿಂದಿನದು. ಉಳಿದದ್ದು ಎಂಟು ವರ್ಷ.

ನಿನ್ನೆ ಕರೆಂಟ್ ಹೋಗಿತ್ತು. ಟಾರ್ಚನ್ನು ಮೇಜಿನ ಮೇಲೆ ಮಲಗಿಸಿ, ಬೆಳಕು ನಾಣ್ಯವನ್ನು ಸವರಿಕೊಂಡು ಹೋಗುವ ಹಾಗೆ ಇಟ್ಟು, ನಾಣ್ಯವನ್ನೇ ಮೆಲ್ಲಗೆ ತಿರುಗಿಸುತ್ತಾ ಹೋದೆ. ರಾಣಿಯ ಚಿತ್ರದ ಕೆಳಗೆ ಒಂದು ಚಿಕ್ಕ 3 ಎದ್ದು ಬಂತು, ಪಕ್ಕದಲ್ಲೇ ಅರ್ಧ ಅಳಿಸಿದ ಇನ್ನೊಂದು ಅಂಕಿ. ಅಚ್ಚಿನ ನಂಬರ್, ಅಂದರೆ ನಾಣ್ಯ ಒತ್ತಿದ ಅಚ್ಚು ಯಾವುದು ಅಂತ ಗುರುತಿಸೋ ಸಂಖ್ಯೆ! ಫ್ಲಾರಿನ್‌ಗಳಿಗೆ ಅಚ್ಚಿನ ನಂಬರ್ ಹಾಕಿದ್ದು 1864ರಿಂದ 1879ರ ತನಕ. ಒಂದೇ ಏಟಿಗೆ ನಾಲ್ಕು ವರ್ಷ ಕಳಚಿ ಬಿದ್ದವು. ಇನ್ನು 64, 65, 66, 67 ಮಾತ್ರ. ಅದೇ ಬೆಳಕಿನಲ್ಲಿ ಎಕ್ಸ್ ಪಕ್ಕ ನೋಡಿದೆ. ಕೂದಲೆಳೆಯಷ್ಟು ನೆಟ್ಟಗಿನ ಗೆರೆ, ಆಮೇಲೆ ವಿ ಅಕ್ಷರದ ಬಾಗು, ಅದರಾಚೆ ಏನೂ ಇಲ್ಲ. ಐ, ವಿ. ನಾಲ್ಕು. ಚೊಕ್ಕಟ ನಾಣ್ಯಗಳ ಫೋಟೋ ಪಕ್ಕ ಇಟ್ಟು ನೋಡಿದೆ, ಜಾಗವೂ ಸರಿಯಾಗಿ ಕೂತಿತು.

ಈ ನಾಣ್ಯದ ಮೇಲೆ ನನಗೆ ಇಷ್ಟು ಪ್ರೀತಿ ಯಾಕೆ ಅಂದರೆ, ಇದು ಹುಟ್ಟಿದ್ದೇ ಒಂದು ಲೆಕ್ಕದ ಜಗಳದಲ್ಲಿ. ಆಗ ಪೌಂಡಿಗೆ 20 ಶಿಲ್ಲಿಂಗ್, 240 ಪೆನ್ನಿ. ಹತ್ತರ ಲೆಕ್ಕಕ್ಕೆ ಬದಲಾಗಲಿ ಅಂತ 1847ರಲ್ಲಿ ಜಾನ್ ಬೌರಿಂಗ್ ಸಂಸತ್ತಿನಲ್ಲಿ ಮಾತು ಎತ್ತಿದ. ಮೊದಲ ಹೆಜ್ಜೆಯಾಗಿ 1849ರಲ್ಲಿ ಎರಡು ಶಿಲ್ಲಿಂಗಿನ ಫ್ಲಾರಿನ್ ಬಂತು. 'ಪೌಂಡಿನ ಹತ್ತನೇ ಒಂದು ಪಾಲು' ಅಂತ ಅದರ ಮೇಲೇ ಬರೆದಿದೆ. ಆದರೆ ಆ ಮೊದಲ ನಾಣ್ಯದಲ್ಲಿ 'ದೇವರ ದಯೆಯಿಂದ' ಅನ್ನೋ ಅರ್ಥದ ಡಿ, ಜಿ ಅಕ್ಷರಗಳು ಇರಲಿಲ್ಲ. ಜನ ಸಿಟ್ಟಾಗಿ 'ದೇವರಿಲ್ಲದ ಫ್ಲಾರಿನ್' ಅಂತ ಕರೆದರು. 1851ರ ಇಸವಿಯಿಂದ ದೇವರು ವಾಪಸ್ ಬಂದ, ಗಾತಿಕ್ ಅಕ್ಷರವೂ ಬಂತು. ಹತ್ತರ ಲೆಕ್ಕ ಪೂರ್ತಿ ಜಾರಿಗೆ ಬಂದದ್ದು ಮಾತ್ರ 1971ರಲ್ಲಿ!

ರಾಣಿಯ ಚಿತ್ರ ಕೆತ್ತಿದ್ದು ವಿಲಿಯಂ ವೈಯನ್. ತೀರಿಕೊಂಡದ್ದು 1851ರಲ್ಲಿ. ನನ್ನ 1864ರ ನಾಣ್ಯದಲ್ಲೂ ಅವನ ಡಬ್ಲ್ಯೂ ಡಬ್ಲ್ಯೂ ಹಾಗೇ ಇದೆ.

ಇಲ್ಲಿಂದಲೇ ಮುಂದಿನ ಕೆಲಸ ಹುಟ್ಟಿಕೊಂಡಿದೆ. ಕಂಪನಿ ಸರ್ಕಾರದ 1840ರ ರೂಪಾಯಿಯಲ್ಲಿರುವ ವಿಕ್ಟೋರಿಯಾ ಕೂಡ ವೈಯನ್ ಕೆತ್ತಿದ್ದೇ. 11.66 ಗ್ರಾಂ, ಅಗಲವೂ ಹೆಚ್ಚುಕಡಿಮೆ ಇಷ್ಟೇ. ಆ ಕಾಲದಲ್ಲಿ ರೂಪಾಯಿಗೆ ಸುಮಾರು ಎರಡು ಶಿಲ್ಲಿಂಗ್ ಲೆಕ್ಕ, ಅಂದರೆ ಒಂದು ಫ್ಲಾರಿನ್! ಅಜ್ಜಿಯ ಪೂಜೆ ಪೆಟ್ಟಿಗೆಯಲ್ಲಿ ಅಂಥದ್ದೊಂದು ಇದೆ. ಪ್ರತಿ ದೀಪಾವಳಿಗೆ ಹುಣಸೆಹಣ್ಣು ಹಚ್ಚಿ ತಿಕ್ಕಿ, ಕುಂಕುಮ ಇಟ್ಟ ರೂಪಾಯಿ. ಅದರ ಹಿಂದುಗಡೆ ಎಲೆಬಳ್ಳಿಯಲ್ಲಿ ಸಣ್ಣ ಕಾಯಿಗಳಿವೆ, ಅಚ್ಚಿನಿಂದ ಅಚ್ಚಿಗೆ ಎಣಿಕೆ ಬೇರೆ. ಭಾನುವಾರ ಊರಿಗೆ ಹೋಗ್ತಿದ್ದೇನೆ. ಟಾರ್ಚು, ಲೂಪು (ಪುಟ್ಟ ಭೂತಗನ್ನಡಿ) ಈಗಲೇ ಬ್ಯಾಗಿಗೆ ಹಾಕಿಟ್ಟಿದ್ದೇನೆ. ತಿಕ್ಕಬೇಡಿ ಅಂತ ಅಜ್ಜಿಗೆ ಫೋನ್ ಮಾಡಿಯೂ ಆಯಿತು.